ಕಾಯಿಗೆ ತೂತು ಬೀಳುವ ಮೊದಲು: ಕರಾವಳಿಯ ಟೊಮೆಟೊಗೆ ಜೈವಿಕ ಕೀಟ ನಿಯಂತ್ರಣ

ಏಣಿಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲು ಮುಗಿದ ಬೈಲುಗದ್ದೆಯಲ್ಲಿ ಟೊಮೆಟೊ ನಾಟಿ ಮಾಡುವ ಉಡುಪಿ, ಬ್ರಹ್ಮಾವರ ಕಡೆಯ ಬೆಳೆಗಾರರು ಸೊರಗು ರೋಗಕ್ಕೆ ಹೆದರಿ ತಳಿಯ ಆಯ್ಕೆಯಲ್ಲಿ ತೋರುವ ಎಚ್ಚರವನ್ನು ಕೀಟದ ವಿಷಯದಲ್ಲಿ ತೋರುವುದು ಕಡಿಮೆ. ಕಾಯಿಗೆ ತೂತು ಬಿದ್ದ ಮೇಲೆ ಔಷಧಿ ಹುಡುಕಿಕೊಂಡು ಹೊರಡುತ್ತಾರೆ. ಜೈವಿಕ ನಿಯಂತ್ರಣಕ್ಕೆ ಅಷ್ಟು ಹೊತ್ತು ಕಾಯುವಂತಿಲ್ಲ. ಕಾಯಿಕೊರಕ ಹುಳು ಒಮ್ಮೆ ಕಾಯಿಯೊಳಗೆ ತಲೆ ತೂರಿಸಿತೆಂದರೆ ಅದನ್ನು ಮುಟ್ಟುವುದು ಕಷ್ಟ. ಆದ್ದರಿಂದ ನಮ್ಮ ಕಣ್ಣು ಇರಬೇಕಾದದ್ದು ತೂತಿನ ಮೇಲಲ್ಲ, ಮೊಟ್ಟೆಯ ಮೇಲೆ.

ಗಿಡ ಹೂ ಬಿಡಲು ತೊಡಗಿದಂದಿನಿಂದ ವಾರಕ್ಕೆ ಎರಡು ಬಾರಿಯಾದರೂ ತುದಿಯ ಎಲೆಗಳನ್ನೂ ಹೂಗೊಂಚಲಿನ ಅಕ್ಕಪಕ್ಕವನ್ನೂ ತಿರುವಿ ನೋಡಬೇಕು. ಗಸಗಸೆಗಿಂತ ಸಣ್ಣದಾದ, ಕೆನೆಬಣ್ಣದ ಮೊಟ್ಟೆಗಳು ಒಂದೊಂದಾಗಿ ಅಂಟಿಕೊಂಡಿರುತ್ತವೆ. ಮೂರು ನಾಲ್ಕು ದಿನಗಳಲ್ಲಿ ಅವು ಒಡೆಯುತ್ತವೆ. ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಮೋಹಕ ಬಲೆಯನ್ನು ಎಕರೆಗೆ 5ರಂತೆ ಕಟ್ಟಿದ್ದರೆ, ಅದರಲ್ಲಿ ಕಾಯಿಕೊರಕದ ಗಂಡು ಪತಂಗಗಳು ಬೀಳತೊಡಗಿದ್ದೇ ಮೊದಲ ಸೂಚನೆ.

ಆಗಲೇ ಟ್ರೈಕೋಗ್ರಾಮಾ ಬಿಡಬೇಕು. ಅರ್ಧ ಮಿಲಿಮೀಟರಿನಷ್ಟೂ ಉದ್ದವಿಲ್ಲದ ಈ ಕಣಜ, ಕಾಯಿಕೊರಕದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಹುಳು ಹೊರಬರಬೇಕಾದ ಮೊಟ್ಟೆ ಕಪ್ಪಾಗಿ, ಅದರಿಂದ ಕಣಜ ಹೊರಬರುತ್ತದೆ. ಹೆಕ್ಟೇರಿಗೆ ಒಂದು ಸಲಕ್ಕೆ 50,000ದಂತೆ, ವಾರಕ್ಕೊಮ್ಮೆ ಐದಾರು ಸಲ ಬಿಡುವುದು ರೂಢಿ. ಕಣಜ ಹೊರಬರಲಿರುವ ಮೊಟ್ಟೆಗಳನ್ನು ಕಾಗದದ ಕಾರ್ಡಿಗೆ ಅಂಟಿಸಿ ಕೊಡುತ್ತಾರೆ; ಒಂದು ಕಾರ್ಡಿನಲ್ಲಿ ಅಂಥ 18ರಿಂದ 20 ಸಾವಿರ ಮೊಟ್ಟೆಗಳಿರುವುದರಿಂದ ಎಕರೆಗೆ ವಾರಕ್ಕೊಂದು ಕಾರ್ಡು ಸಾಕು. ನಮ್ಮ ಕಡೆಯ ಹತ್ತು ಸೆಂಟ್ಸಿನ ತುಂಡುಗದ್ದೆಗೆ ಅದರ ಹತ್ತನೇ ಒಂದು ಭಾಗ. ಕಾರ್ಡನ್ನು ಪಟ್ಟಿಗಳಾಗಿ ಕತ್ತರಿಸಿ, ಬಿಸಿಲು ತಾಗದಂತೆ ಎಲೆಯಡಿಗೆ ಸಿಕ್ಕಿಸಬೇಕು.

ಪುಸ್ತಕದಲ್ಲಿ ಇಷ್ಟೇ ಬರೆದಿರುತ್ತದೆ. ಮೊದಲ ವರ್ಷ ನಾನು ಸಂಜೆ ಸಿಕ್ಕಿಸಿದ ಪಟ್ಟಿಗಳನ್ನು ಮರುದಿನ ನೋಡಿದರೆ ಬರೀ ಕಾಗದ ಉಳಿದಿತ್ತು. ಮೊಟ್ಟೆಗಳನ್ನೆಲ್ಲ ಇರುವೆಗಳು ಹೊತ್ತೊಯ್ದಿದ್ದವು. ಅಂದಿನಿಂದ ಪಟ್ಟಿಗಳನ್ನು ಗ್ರೀಸ್ ಸವರಿದ ದಾರದಲ್ಲಿ, ಎಲೆಗೆ ತಾಗದಂತೆ, ನೆರಳಿನಲ್ಲಿ ತೂಗುಬಿಡುತ್ತೇನೆ. ಕಾರ್ಡು ಕಟ್ಟಿದ ವಾರದಲ್ಲಿ ಯಾವ ರಾಸಾಯನಿಕ ಕೀಟನಾಶಕವನ್ನೂ ಸಿಂಪಡಿಸಬಾರದು. ಪಕ್ಕದ ಗದ್ದೆಯವರಿಗೂ ಒಂದು ಮಾತು ಹೇಳಿಡುವುದು ಒಳ್ಳೆಯದು, ಏಕೆಂದರೆ ಗಾಳಿ ಗಡಿಕಲ್ಲು ನೋಡಿ ಬೀಸುವುದಿಲ್ಲ.

ಕಣಜದ ಕಣ್ತಪ್ಪಿಸಿ ಹುಟ್ಟಿದ ಮರಿಹುಳುಗಳಿಗೆ ಎನ್‌ಪಿವಿ ಎಂಬ, ಹುಳುವಿಗೆ ರೋಗ ತರುವ ನಂಜಾಣು (ವೈರಸ್) ಇದೆ. ಹೆಕ್ಟೇರಿಗೆ 250 ಎಲ್‌ಇ (ನಂಜಾಣು ತಗಲಿದ ಹುಳುಗಳ ಲೆಕ್ಕದ ಅಳತೆ) ಪ್ರಮಾಣವನ್ನು ನೀರಿನಲ್ಲಿ ಕಲಸಿ, ಲೀಟರಿಗೆ 10 ಗ್ರಾಂ ಬೆಲ್ಲ ಸೇರಿಸಿ, ಬಿಸಿಲಿಳಿದ ಮೇಲೆಯೇ ಸಿಂಪಡಿಸಬೇಕು. ಸೂರ್ಯನ ಅತಿನೇರಳೆ ಕಿರಣಗಳಿಗೆ ಈ ನಂಜಾಣು ಬೇಗ ಸಾಯುತ್ತದೆ. ಹುಳು ಎಲೆಯೊಂದಿಗೆ ಅದನ್ನು ತಿಂದರೆ ಮಾತ್ರ ಕೆಲಸವಾಗುವುದರಿಂದ ಫಲ ಕಾಣಲು ಕೆಲವು ದಿನ ಬೇಕು. ಗಿಡದ ತುದಿಯಲ್ಲಿ ತಲೆ ಕೆಳಗಾಗಿ ಜೋತುಬಿದ್ದ, ಮುಟ್ಟಿದರೆ ಒಡೆದು ನೀರಾಗುವ ಹುಳು ಕಂಡರೆ ಸಿಂಪಡಣೆ ಫಲಿಸಿದೆ ಎಂದರ್ಥ. ಬಲಿತ ಹುಳುಗಳ ಮೇಲೆ ಇದರ ಪರಿಣಾಮ ಅಷ್ಟಕ್ಕಷ್ಟೇ. ಅವನ್ನು ಕೈಯಲ್ಲೇ ಹೆಕ್ಕುವುದು ಲೇಸು.

ಇದಕ್ಕೆಲ್ಲ ಮುಂಚೆಯೇ ಮಾಡಬೇಕಾದ ಒಂದು ಕೆಲಸವಿದೆ: ಪ್ರತಿ 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂ. 45 ದಿನದ ಚೆಂಡುಹೂ ಸಸಿಯನ್ನೂ 25 ದಿನದ ಟೊಮೆಟೊ ಸಸಿಯನ್ನೂ ಒಟ್ಟಿಗೆ ನೆಟ್ಟರೆ ಎರಡೂ ಒಂದೇ ಹೊತ್ತಿಗೆ ಹೂ ಬಿಡುತ್ತವೆ, ಪತಂಗ ಚೆಂಡುಹೂವಿನ ಮೊಗ್ಗಿನಲ್ಲೇ ಹೆಚ್ಚು ಮೊಟ್ಟೆ ಇಡುತ್ತದೆ. ಹೂ ಮಾರಾಟವಾದರೆ ಅದು ಲಾಭವೇ.

ಬಿಳಿನೊಣದ ವಿಷಯದಲ್ಲಿ ಕರಾವಳಿಯ ತೇವ ನಮ್ಮ ಪರವಾಗಿದೆ. ಬಿಳಿನೊಣವನ್ನು ಕೊಲ್ಲುವ ಲೆಕ್ಯಾನಿಸಿಲಿಯಂ ಎಂಬ ಶಿಲೀಂಧ್ರದ ಪುಡಿಯನ್ನು ಲೀಟರಿಗೆ 5 ಗ್ರಾಂನಂತೆ ಇಬ್ಬನಿ ಬೀಳುವ ದಿನಗಳ ಸಂಜೆ ಎಲೆಯಡಿಗೆ ಸಿಂಪಡಿಸಿದರೆ ಅದು ಚೆನ್ನಾಗಿ ಹಬ್ಬುತ್ತದೆ. ತಾಮ್ರದ ಶಿಲೀಂಧ್ರನಾಶಕವನ್ನು ಇದರೊಂದಿಗೆ ಬೆರೆಸಿದರೆ ಮಾತ್ರ ಹಣ ನೀರಿಗೆ ಹಾಕಿದಂತೆಯೇ. ಬಿಳಿನೊಣ ತರುವ ಎಲೆಮುದುಡು ರೋಗಕ್ಕೆ ಈ ಶಿಲೀಂಧ್ರವೂ ಮದ್ದಲ್ಲ; ಸಸಿಮಡಿಗೆ ಸಣ್ಣಕಣ್ಣಿನ ನೈಲಾನ್ ಬಲೆ ಹೊದಿಸಿ ಬೆಳೆಸಿದ ಸಸಿಯನ್ನೇ ನೆಡಬೇಕು, ಮುದುಡಿದ ಗಿಡವನ್ನು ಕಂಡ ದಿನವೇ ಕಿತ್ತು ಹೂಳಬೇಕು.