ಮಕ್ಕಳಿಗೆ ಸಭೆಯಲ್ಲಿ ಒಂದು ಕೆಲಸ ಕೊಡಿ

ಮುಂಬೈ ಪಕ್ಕದ ಡೊಂಬಿವಲಿಯಿಂದ ನಮ್ಮ ಕನ್ನಡ ಚರ್ಚಿಗೆ ಲೋಕಲ್‌ನಲ್ಲಿ ಮುಕ್ಕಾಲು ಗಂಟೆ. ಭಾನುವಾರ ಹಳಿ ರಿಪೇರಿಗೆ ರೈಲು ನಿಲ್ಲಿಸುವ ಮೆಗಾಬ್ಲಾಕ್ ಇದ್ದರೆ ಇನ್ನೂ ಜಾಸ್ತಿ. 14 ವರ್ಷದಿಂದ ಇದೇ ದಾರಿಯಲ್ಲಿ ಓಡಾಡುತ್ತಾ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಮುಂಬೈಯ ಬೇರೆ ಕನ್ನಡ ಚರ್ಚ್ ಸಭೆಯವರು ಸಿಕ್ಕಾಗ ಕೇಳುವುದು ಒಂದೇ ಮಾತು. “ಟೀಚರ್, ಮಕ್ಕಳು ಸಣ್ಣವರಿದ್ದಾಗ ಓಡಿ ಬರ್ತಿದ್ರು. ಹದಿನೈದು ದಾಟಿದ ಮೇಲೆ ಮುಖಾನೇ ತೋರಿಸಲ್ಲ. ಏನು ಮಾಡೋದು?”

ನನ್ನ ಉತ್ತರವೂ ಒಂದೇ. ಕೆಲಸ ಕೊಡಿ. ಆಟ, ಬಿಸ್ಕೆಟು, ಬಹುಮಾನ ಎಲ್ಲ ಇರಲಿ. ಆದರೆ ತಾನು ಹೋಗದಿದ್ದರೆ ಇವತ್ತು ಅಲ್ಲಿ ಏನೋ ನಿಂತುಹೋಗುತ್ತದೆ ಅಂತ ಗೊತ್ತಿರುವ ಮಗು ಜುಲೈ ಮಳೆಯಲ್ಲೂ ಬರುತ್ತದೆ. ಯೋಹಾನನ ಸುವಾರ್ತೆ ಆರನೇ ಅಧ್ಯಾಯದ ಹುಡುಗನನ್ನು ನೋಡಿ. ಅವನ ಹತ್ತಿರ ಇದ್ದದ್ದು ಐದು ಜವೆಗೋಧಿ ರೊಟ್ಟಿ, ಎರಡು ಮೀನು. ಇಷ್ಟು ಜನಕ್ಕೆ ಇದು ಎಲ್ಲಿ ಸಾಕು ಅಂದಿದ್ದು ಶಿಷ್ಯ. ಯೇಸುಸ್ವಾಮಿ ಅದನ್ನೇ ಕೈಗೆ ತೆಗೆದುಕೊಂಡು ಎಲ್ಲರಿಗೂ ಹಂಚಿದರು.

ಮೊದಲು ಭಾಷೆ. ನಮಗೆ ದೊಡ್ಡ ತೊಡಕು ಇದೇ. ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಶಾಲೆಯಲ್ಲಿ ಓದುವುದು ಇಂಗ್ಲಿಷ್, ಮರಾಠಿ, ಹಿಂದಿ. ಕನ್ನಡ ಸತ್ಯವೇದ (ಬೈಬಲ್) ಕೈಗೆ ಕೊಟ್ಟರೆ ಸುಮ್ನೆ ಹಾಳೆ ತಿರುಗಿಸುತ್ತಾರೆ. ಹಾಗಾಗಿ ಹಾಡುಗಳನ್ನೂ ಬೈಬಲ್ ವಾಕ್ಯಗಳನ್ನೂ ದೇವನಾಗರಿಯಲ್ಲಿ ಬರೆದುಕೊಡಿ. ಅಕ್ಷರಮುಖ ಅನ್ನುವ ಉಚಿತ ತಾಣದಲ್ಲಿ ಕನ್ನಡ ಅಂಟಿಸಿದರೆ ಕೂಡಲೇ ದೇವನಾಗರಿ ಸಿಗುತ್ತದೆ.

ಆದರೆ ಎಚ್ಚರ. ಮರಾಠಿ ಬರಹದಲ್ಲಿ ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ ಇಲ್ಲ. ಒಮ್ಮೆ ಏಳನೇ ಕ್ಲಾಸಿನ ಹುಡುಗನೊಬ್ಬ ಮೈಕಿನಲ್ಲಿ ಪ್ರಾರ್ಥನೆ ಓದಿದ. ‘ಕೊಡು’ ಅಂತ ಇದ್ದಲ್ಲೆಲ್ಲ ‘ಕೋಡು’ ಅಂದ. ಹಿಂದಿನ ಬೆಂಚಿನಿಂದ ನಗು ಕೇಳಿಸಿತು. ಅವನ ಕಿವಿ ಕೆಂಪಾಯಿತು. ಹಾಳೆಯ ಮೂಲೆಯನ್ನು ಮಡಚಿದ, ಬಿಡಿಸಿದ, ಮತ್ತೆ ಮಡಚಿದ. ಕೊನೆಯ ಸಾಲು ಓದದೆ ಇಳಿದುಬಿಟ್ಟ. ಎರಡು ವರ್ಷ ಅವನು ಮೈಕಿನ ಹತ್ತಿರ ಬರಲಿಲ್ಲ. ಆ ನಗು ನೆನಪಾದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಈಗ ನಾವು ಚಿಕ್ಕದಾಗಿ ಹೇಳಬೇಕಾದ ಅಕ್ಷರದ ಕೆಳಗೆ ಕೆಂಪು ಗೆರೆ ಹಾಕುತ್ತೇವೆ. ಓದುವ ಭಾಗವನ್ನು ಗುರುವಾರವೇ ಧ್ವನಿ ಮೆಸೇಜಿನಲ್ಲಿ ಕಳಿಸುತ್ತೇವೆ. ಮಗು ಕೇಳಿ, ತಾನೂ ಓದಿ, ತಿರುಗಿ ಕಳಿಸಬೇಕು. ಇನ್ನು ದೊಡ್ಡವರಿಗೆ ಒಂದು ಮಾತು ಹೇಳಲೇಬೇಕು, ಅದನ್ನು ಅಯ್ಯನವರೇ (ಪಾಸ್ಟರ್) ಹೇಳಿದರೆ ಒಳ್ಳೆಯದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ವಿದೇಶಿ ಪಾದ್ರಿಗಳು ಕನ್ನಡ ಕಲಿತೇ ಕನ್ನಡದಲ್ಲಿ ಹಾಡು ಬರೆದರು. ಅವರ ಬಾಯಲ್ಲೂ ಮೊದಮೊದಲು ನಮ್ಮ ಅಕ್ಷರ ತಿರುಗಿರಲಿಕ್ಕಿಲ್ಲ. ಅವರ ಹಾಡು ಹಾಡುವ ನಾವು ನಮ್ಮ ಮಕ್ಕಳ ಉಚ್ಚಾರಕ್ಕೆ ನಗಬಾರದು ಅಲ್ವಾ?

ಬಾಯಿಪಾಠಕ್ಕೆ ಬೈಬಲ್ಲಿನ 23ನೇ ಕೀರ್ತನೆಯಿಂದ ಶುರು ಮಾಡಿ. ಆರೇ ವಚನ, ವಾರಕ್ಕೊಂದು. “ಯೆಹೋವನು ನನಗೆ ಕುರುಬನು, ಕೊರತೆಪಡೆನು.” ಕೊರತೆಪಡೆನು ಅಂದರೇನು ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ನೀವು ಹೇಳಬೇಡಿ, ಮನೆಗೆ ಹೋಗಿ ಅಜ್ಜಿಯನ್ನು ಕೇಳಿ ಬಾ ಅನ್ನಿ. ಒಬ್ಬಳು ಹುಡುಗಿ ತನ್ನ ಗದಗಿನ ಅಜ್ಜಿಯ ಮಾತನ್ನು ಹಾಗೇ ತಂದಳು: “ನನಗೇನೂ ಕಡಿಮಿ ಬೀಳಂಗಿಲ್ಲ.” ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಮರುವಾರ ಆ ಅಜ್ಜಿಯೂ ಸಂಡೇ ಸ್ಕೂಲಿಗೆ ಬಂದು ಕೂತರು.

ಕನ್ನಡ ಅಕ್ಷರಕ್ಕೂ ವಾರಕ್ಕೆ ಹದಿನೈದು ನಿಮಿಷ ಇಡಿ. ಇದು ಬೈಬಲ್ ಪಾಠದ ಸಮಯ ತಿನ್ನುತ್ತದೆ ಅನ್ನುವವರಿದ್ದಾರೆ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೇಕ್ಸ್ ಭಾನುವಾರದ ಶಾಲೆ ಶುರು ಮಾಡಿದ್ದೇ ವಾರವೆಲ್ಲ ದುಡಿಯುವ ಬಡ ಮಕ್ಕಳಿಗೆ ಓದು ಕಲಿಸಲು. ಓದಲು ಬಂದರೆ ಸತ್ಯವೇದ ತಾನಾಗಿ ತೆರೆಯುತ್ತದೆ.

ಕೆಲಸ ಹಂಚುವುದು ಕಷ್ಟವಲ್ಲ. ಏಳೆಂಟು ವರ್ಷದವರು ಹಾಡಿನ ಪುಸ್ತಕ ಹಂಚಲಿ, ಕಾಣಿಕೆ ಚೀಲ ಹಿಡಿಯಲಿ. ಹನ್ನೆರಡು ದಾಟಿದವರು ವಾಕ್ಯ ಓದಲಿ, ಪ್ರೊಜೆಕ್ಟರಿನಲ್ಲಿ ಹಾಡಿನ ಸಾಲು ಬದಲಿಸಲಿ. ಸಾಲು ಬರುವುದು ತಡವಾದರೆ ಸಭೆ ಕಾಯಲಿ. ಕೊಟ್ಟ ಕೆಲಸವನ್ನು ಮಧ್ಯದಲ್ಲಿ ಕಿತ್ತುಕೊಳ್ಳಬೇಡಿ.

ಕಾಲೇಜಿನವರಿಗೆ ಇದು ಸಾಲದು. ಅವರಿಗೆ ಹಣ ಮತ್ತು ತೀರ್ಮಾನ ಎರಡನ್ನೂ ಕೊಡಬೇಕು. ನಾವು ಕ್ರಿಸ್‌ಮಸ್ ಕ್ಯಾರಲ್ (ಮನೆಮನೆಗೆ ಹೋಗಿ ಹಾಡುವುದು) ಪೂರ್ತಿ ಅವರ ಕೈಗೆ ಬಿಟ್ಟೆವು. ಯಾವ ರಾತ್ರಿ ಯಾವ ಏರಿಯಾ, ಟೆಂಪೋ ಬಾಡಿಗೆ, ಸೊಸೈಟಿ ಸೆಕ್ರೆಟರಿಯ ಒಪ್ಪಿಗೆ, ರಾತ್ರಿ 10ಕ್ಕೆ ಸ್ಪೀಕರ್ ಬಂದ್ ಮಾಡುವುದು, ಎಲ್ಲ ಅವರದ್ದೇ. ಲೆಕ್ಕವನ್ನೂ ಅವರೇ ಕಮಿಟಿ ಮುಂದೆ ಓದಿದರು. ಮೊದಲ ವರ್ಷ ಟೆಂಪೋಗೆ ಜಾಸ್ತಿ ಕೊಟ್ಟರು. ಯಾರೂ ಬೈಯಲಿಲ್ಲ. ಮುಂದಿನ ವರ್ಷ ಅವರೇ ಮೂರು ಕಡೆ ವಿಚಾರಿಸಿ ಗೊತ್ತು ಮಾಡಿದರು.

ಅವರ ಪ್ರಶ್ನೆಗಳಿಗೂ ಜಾಗ ಬೇಕು. ದೇವರು ಇದ್ದರೆ ನನ್ನ ಅಪ್ಪ ಯಾಕೆ ಹೋದರು ಅಂತ ಒಬ್ಬಳು ಕೇಳಿದಳು. ನಾನು ವಾಕ್ಯ ಹೇಳಿ ಬಾಯಿ ಮುಚ್ಚಿಸಲಿಲ್ಲ. ಪಕ್ಕದಲ್ಲಿ ಕೂತು ಅವಳ ಅಪ್ಪನ ವಿಷಯ ಕೇಳಿದೆ. ಹನ್ನೆರಡನೇ ವಯಸ್ಸಿನಲ್ಲಿ ಯೇಸುಸ್ವಾಮಿಯೂ ದೇವಾಲಯದಲ್ಲಿ ಬೋಧಕರ ನಡುವೆ ಕೂತು ಪ್ರಶ್ನೆ ಕೇಳಿದ್ದರು ಅಂತ ಲೂಕನು ಬರೆದಿದ್ದಾನೆ.

ಹತ್ತು, ಹನ್ನೆರಡನೇ ಪರೀಕ್ಷೆ ಇರುವವರಿಗೆ ಫೆಬ್ರವರಿ, ಮಾರ್ಚ್‌ನಲ್ಲಿ ಪಾಳಿ ಬೇಡ. ಆದರೆ ಪರೀಕ್ಷೆ ಮುಗಿದ ಮೇಲಿನ ಭಾನುವಾರಕ್ಕೆ ಅವರ ಹೆಸರನ್ನು ಈಗಲೇ ಪಟ್ಟಿಯಲ್ಲಿ ಬರೆದಿಡಿ.

ಒಂದು ವಿಷಯದಲ್ಲಿ ಮಾತ್ರ ಸಡಿಲ ಬೇಡ. ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು ಇರಬೇಕು, ಬಾಗಿಲು ತೆರೆದಿರಬೇಕು. ಎಷ್ಟೇ ನಂಬಿಕಸ್ಥರಾದರೂ ಸರಿ. ಚೈಲ್ಡ್‌ಲೈನ್ 1098 ಸಹಾಯವಾಣಿ ನಂಬರು ನಮ್ಮ ಕ್ಲಾಸಿನ ಗೋಡೆ ಮೇಲೆ ಇದೆ, ಮಕ್ಕಳಿಗೆ ಬಾಯಿಪಾಠವೂ ಇದೆ.

ಶನಿವಾರ ಮೆಗಾಬ್ಲಾಕ್ ಪಟ್ಟಿ ನೋಡಿ, ಯಾವ ಮಕ್ಕಳು ಯಾರ ಜೊತೆ ಎಷ್ಟು ಗಂಟೆಯ ರೈಲು ಹಿಡಿಯಬೇಕು ಅಂತ ಗ್ರೂಪಿನಲ್ಲಿ ಹಾಕುವ ಕೆಲಸ ಈಗ ಅವತ್ತು ಕೊನೆಯ ಸಾಲು ಓದದೆ ಇಳಿದ ಹುಡುಗನದ್ದು. ಕಾಲೇಜಿಗೆ ಹೋಗುತ್ತಾನೆ. ನಾನು ಪ್ಲಾಟ್‌ಫಾರ್ಮಿಗೆ ಐದು ನಿಮಿಷ ತಡವಾಗಿ ಬಂದರೆ ಅವನ ಫೋನ್ ಬರುತ್ತದೆ. “ಟೀಚರ್, ಎಲ್ಲಿದ್ದೀರಿ? ಮಕ್ಕಳು ಬಂದಾಯ್ತು.”