ಮ್ಯೂನಿಕ್ ತಡೆಯುವುದಿಲ್ಲ, ಕಾಗದ ಕಳಿಸುತ್ತದೆ

ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಲ್ಲಿ ಶುರುವಾಗುವುದರಿಂದ ನಮ್ಮ ಕಡೆಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮ್ಯೂನಿಕ್‌ಗೆ ಬಂದಿಳಿಯುವುದು ಸೆಪ್ಟೆಂಬರ್ ಕೊನೆಯ ಹೊತ್ತಿಗೆ. ಅಷ್ಟರಲ್ಲಿ ಇಲ್ಲಿ ಅಕ್ಟೋಬರ್‌ಫೆಸ್ಟ್ ಎಂಬ ಬಿಯರ್ ಜಾತ್ರೆ ಕಾವೇರಿರುತ್ತದೆ. ಮುಖ್ಯ ರೈಲು ನಿಲ್ದಾಣದಿಂದ ಹೊರಬಿದ್ದರೆ ಎದುರಿಗೆ ತೊಗಲಿನ ಚಡ್ಡಿ ತೊಟ್ಟ ಗಂಡಸರು, ನೆರಿಗೆ ಲಂಗದ ಹೆಂಗಸರು, ಹಾಡುತ್ತಾ ತೂರಾಡುತ್ತಾ ಸಾಗುವ ಗುಂಪುಗಳು. ಜರ್ಮನ್ನರೆಂದರೆ ಶಿಸ್ತು ಎಂದು ಕೇಳಿಕೊಂಡು ಬಂದವರು ಪೆಟ್ಟಿಗೆ ಹಿಡಿದು ಕಕ್ಕಾಬಿಕ್ಕಿಯಾಗುತ್ತಾರೆ. ಯುವರಾಜ ಲುಡ್ವಿಗ್‌ನ ಮದುವೆಯ ಸಂಭ್ರಮವಾಗಿ 1810ರಲ್ಲಿ ಹುಟ್ಟಿದ ಈ ಜಾತ್ರೆ ಅಕ್ಟೋಬರ್ ಮೊದಲ ವಾರದಲ್ಲಿ ಮುಗಿಯುತ್ತದೆ. ಅಲ್ಲಿಯವರೆಗೆ ಹೋಟೆಲ್ ಕೋಣೆಗಳ ಬೆಲೆ ಕೇಳಬೇಡಿ. ಬಂದ ಕೂಡಲೇ ಹೋಟೆಲ್‌ನಲ್ಲಿದ್ದು ಮನೆ ಹುಡುಕುತ್ತೇನೆ ಎಂಬ ಯೋಜನೆ ಇದ್ದರೆ ಈಗಲೇ ಬಿಟ್ಟುಬಿಡಿ.

ಜಾತ್ರೆ ಕರಗಿದ ಮೇಲೆ ಊರಿನ ದಿನನಿತ್ಯದ ಮುಖ ಕಾಣುತ್ತದೆ. ತುಂಬಿದ ರೈಲಿನಲ್ಲೂ ಸದ್ದಿಲ್ಲ, ಪಕ್ಕದ ಮನೆಯವರು ನಮಸ್ಕಾರ ಹೇಳಿ ಮುಂದೆ ನಡೆಯುತ್ತಾರೆ, ಯಾವ ಬಾಗಿಲಲ್ಲೂ ಕಾವಲುಗಾರನಿಲ್ಲ. ಹೊಸಬರಲ್ಲಿ ಕೆಲವರು 'ಇಲ್ಲಿ ಕೇಳುವವರೇ ಇಲ್ಲ' ಎಂದುಕೊಳ್ಳುತ್ತಾರೆ, ಕೆಲವರು 'ಇವರಿಗೆ ನಾವು ಬೇಡವಾಗಿದ್ದೇವೆ' ಎಂದುಕೊಳ್ಳುತ್ತಾರೆ. ಎರಡೂ ಅಲ್ಲ. ನಿಮಗೆ ನಿಯಮ ಗೊತ್ತಿದೆ ಎಂದು ನಂಬಿಕೊಂಡು ಈ ಊರು ನಡೆಯುತ್ತದೆ. ಗೊತ್ತಿಲ್ಲದೆ ತಪ್ಪಿದರೆ ಆ ಕ್ಷಣ ಯಾರೂ ಅಡ್ಡಗಟ್ಟುವುದಿಲ್ಲ. ಆಮೇಲೆ ಮನೆಗೆ ಕಾಗದ ಬರುತ್ತದೆ.

ಯು-ಬಾನ್ (ಸುರಂಗ ರೈಲು), ಎಸ್-ಬಾನ್ (ಉಪನಗರ ರೈಲು) ಇವನ್ನೇ ನೋಡಿ. ನಮ್ಮ ಮೆಟ್ರೊದಂತೆ ಗೇಟುಗಳಿಲ್ಲ, ಮೆಟ್ಟಿಲಿಳಿದು ಹತ್ತಬಹುದು. ಆದರೆ ತಪಾಸಣೆಯವರು ಸಾದಾ ಬಟ್ಟೆಯಲ್ಲೇ ಬರುತ್ತಾರೆ. ಟಿಕೆಟ್ ಇಲ್ಲದಿದ್ದರೆ 60 ಯೂರೊ ದಂಡ. ಟಿಕೆಟ್ ಇದ್ದೂ ಅದರ ಮೇಲೆ ಮೊಹರು ಬೀಳದಿದ್ದರೆ ಅದೂ ಇಲ್ಲದ ಲೆಕ್ಕವೇ. ಮೊಹರು ಬೇಕಾದ ಟಿಕೆಟ್ಟನ್ನು ಪ್ಲಾಟ್‌ಫಾರ್ಮ್‌ಗೆ ಹೋಗುವ ದಾರಿಯಲ್ಲಿರುವ ಪುಟ್ಟ ಪೆಟ್ಟಿಗೆಯೊಳಗೆ ತೂರಿಸಬೇಕು. 'ನಾನು ಹೊಸಬ' ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ದೇಶದ ಎಲ್ಲ ಸ್ಥಳೀಯ ರೈಲು, ಟ್ರಾಮ್, ಬಸ್‌ಗಳಿಗೆ ಸಲ್ಲುವ ಡಾಯ್ಚ್‌ಲಾಂಡ್ ಟಿಕೆಟ್ ಎಂಬುದೊಂದಿದೆ, ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ವಿದ್ಯಾರ್ಥಿಗಳಿಗೆ ಅದರ ರಿಯಾಯಿತಿ ರೂಪವೂ ಉಂಟು. ವಿಶ್ವವಿದ್ಯಾಲಯಕ್ಕೆ ದಾಖಲಾದ ಕೂಡಲೇ ಅದನ್ನು ಮಾಡಿಸಿಕೊಳ್ಳಿ. ಅದು ತಿಂಗಳ ಚಂದಾ. ಮುಂದಿನ ತಿಂಗಳಿಗೆ ಬೇಡವಾದರೆ ಈ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡಬೇಕು, ಇಲ್ಲದಿದ್ದರೆ ಆ ತಿಂಗಳ ಹಣವೂ ಹೋಗುತ್ತದೆ.

ಇನ್ನು ಕಾಗದದ ವಿಚಾರ. ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ನಮ್ಮವರು ಪೆಟ್ಟು ತಿನ್ನುವುದು ಇಲ್ಲೇ. ಮನೆಗೆ ಸೇರಿದ ಎರಡು ವಾರಗಳೊಳಗೆ ನಗರದ ನಾಗರಿಕ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದನ್ನು ಆನ್‌ಮೆಲ್ಡುಂಗ್ ಎನ್ನುತ್ತಾರೆ. ಅದಕ್ಕೆ ಬಾಡಿಗೆ ಕರಾರು ಸಾಲದು, ನೀವು ಅಲ್ಲಿ ವಾಸಕ್ಕೆ ಬಂದಿದ್ದೀರಿ ಎಂದು ಮನೆ ಕೊಟ್ಟವರು ಸಹಿ ಮಾಡಿದ ಪ್ರತ್ಯೇಕ ಪತ್ರ ಬೇಕು. ಕೋಣೆ ತೋರಿಸುವಾಗ ನಗುನಗುತ್ತಾ ಮಾತನಾಡಿ, ಈ ಪತ್ರ ಕೇಳಿದೊಡನೆ ಮಾತು ಬದಲಿಸುವವರ ಮನೆ ಎಷ್ಟು ಅಗ್ಗವಾದರೂ ಬೇಡ. ಕೋಣೆ ನೋಡುವ ಮೊದಲೇ ಮುಂಗಡ ಕಳಿಸಿ ಎನ್ನುವವರಿಗಂತೂ ಉತ್ತರವನ್ನೂ ಬರೆಯಬೇಡಿ. ಠೇವಣಿ ಎಷ್ಟೇ ಕೇಳಲಿ, ಮನೆ ಬೆಚ್ಚಗಿಡುವ ಶಾಖ, ನೀರು ಇತ್ಯಾದಿ ಖರ್ಚು ಸೇರದ ಮೂಲ ಬಾಡಿಗೆಯ ಮೂರು ತಿಂಗಳ ಮೊತ್ತ ಮೀರುವಂತಿಲ್ಲ. ಇದು ಕಾನೂನು.

ನೋಂದಣಿ ಆದ ಮೇಲೆ ಕಾಗದಗಳ ಮೆರವಣಿಗೆ ಶುರು. ತೆರಿಗೆ ಸಂಖ್ಯೆ, ವಿಮೆ ಕಾರ್ಡ್, ಬ್ಯಾಂಕ್ ಕಾರ್ಡ್, ಅದರ ಗುಪ್ತ ಸಂಖ್ಯೆ, ಎಲ್ಲವೂ ಬೇರೆ ಬೇರೆ ಲಕೋಟೆಗಳಲ್ಲಿ ಅಂಚೆಯಲ್ಲೇ ಬರುತ್ತವೆ. ವಿಳಾಸದಲ್ಲಿ ಬೀದಿ ಮತ್ತು ಕಟ್ಟಡದ ಸಂಖ್ಯೆ ಇರುತ್ತದೆಯೇ ಹೊರತು ನಿಮ್ಮ ಮಹಡಿ, ಬಾಗಿಲ ಸಂಖ್ಯೆ ಇರುವುದಿಲ್ಲ. ಅಂಚೆಯವರು ನೋಡುವುದು ಪೆಟ್ಟಿಗೆಯ ಮೇಲಿನ ಹೆಸರನ್ನು. ಹೆಸರಿಲ್ಲದಿದ್ದರೆ ಕಾಗದ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಬೀಗದ ಕೈ ಸಿಕ್ಕ ದಿನ, ಅಡುಗೆಮನೆ ಜೋಡಿಸುವ ಮೊದಲು, ಪೆಟ್ಟಿಗೆಗೂ ಕರೆಗಂಟೆಗೂ ಹೆಸರು ಅಂಟಿಸಿ.

ಯಾವ ಹೆಸರು? ಕನ್ನಡಿಗರಿಗೆ ಇದು ಸುಲಭದ ಪ್ರಶ್ನೆಯಲ್ಲ. ಇನಿಷಿಯಲ್‌ಗಳಲ್ಲೇ ಬೆಳೆದ ನಾವು ಪಾಸ್‌ಪೋರ್ಟ್‌ಗಾಗಿ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಕುಲನಾಮದ ಜಾಗದಲ್ಲಿ ಕೂರಿಸಿರುತ್ತೇವೆ. ಇಲ್ಲಿನ ಕಚೇರಿಗಳಿಗೆ ಅದೇ ನೀವು. ವೈದ್ಯರ ಕೋಣೆಯ ಮುಂದೆ ಕುಳಿತ ಹುಡುಗಿ 'ಫ್ರಾವ್ ಮಂಜುನಾಥ್', ಅಂದರೆ ಮಂಜುನಾಥ್ ಮೇಡಂ, ಎಂದು ಕೂಗಿದಾಗ ಅಪ್ಪ ಎಲ್ಲಿ ಬಂದರು ಎಂದು ನೋಡುತ್ತಾ ಕೂರಬಾರದು, ಎದ್ದು ಹೋಗಬೇಕು. ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೆ, ಅದೇ ಕ್ರಮದಲ್ಲಿ, ಅದೇ ಕಾಗುಣಿತದಲ್ಲಿ ಎಲ್ಲ ಕಡೆಯೂ ಬರೆಯಿರಿ. ಬ್ಯಾಂಕ್‌ನಲ್ಲಿ ಒಂದು, ವಿಮೆಯಲ್ಲಿ ಇನ್ನೊಂದು ಆದರೆ ಸರಿಪಡಿಸಲು ಮತ್ತೆ ಕಾಗದಗಳೇ.

ಒಂದು ಲಕೋಟೆ ಮಾತ್ರ ಎಲ್ಲರನ್ನೂ ಬೆಚ್ಚಿಬೀಳಿಸುತ್ತದೆ: ಸಾರ್ವಜನಿಕ ಪ್ರಸಾರದ ಶುಲ್ಕ, ತಿಂಗಳಿಗೆ 18.36 ಯೂರೊ. 'ನನ್ನ ಹತ್ತಿರ ಟಿವಿಯೇ ಇಲ್ಲ' ಎಂದು ಕಸದ ಬುಟ್ಟಿಗೆ ಎಸೆಯಬೇಡಿ. ಅದು ಟಿವಿಗಲ್ಲ, ಮನೆಗೆ. ತಲೆಗೊಂದರಂತೆಯೂ ಅಲ್ಲ, ನಾಲ್ವರು ಹಂಚಿಕೊಂಡಿರುವ ಮನೆಯಲ್ಲಿ ಒಬ್ಬರು ಕಟ್ಟಿದರೆ ಸಾಕು, ಉಳಿದವರು ಆ ಒಬ್ಬರ ಸಂಖ್ಯೆ ತಿಳಿಸಿ ಉತ್ತರ ಬರೆದರಾಯಿತು. ಉತ್ತರ ಬರೆಯದಿರುವುದೇ ಇಲ್ಲಿ ದೊಡ್ಡ ಅಪರಾಧ.

ಮನೆಯೊಳಗಿನ ಸಂಗತಿ ಬೇಗ ಹೇಳಿ ಮುಗಿಸುತ್ತೇನೆ. ಒಗ್ಗರಣೆಗೆ ಮೊದಲು ಕಿಟಕಿ ತೆಗೆಯಿರಿ, ಹೊಗೆಯ ಗಂಟೆ ಸಾಸಿವೆಯ ಸಿಡಿತವನ್ನು ಕ್ಷಮಿಸುವುದಿಲ್ಲ. ಚಳಿಗಾಲದಲ್ಲೂ ದಿನಕ್ಕೆ ಎರಡು ಬಾರಿ ಐದು ನಿಮಿಷ ಕಿಟಕಿಗಳನ್ನು ಪೂರ್ತಿ ತೆರೆಯಬೇಕು. ಅನ್ನದ ಹಬೆ ಗೋಡೆಗೆ ಕೂತು ಬೂಷ್ಟು ಹಿಡಿದರೆ ಬಿಡುವಾಗ ಠೇವಣಿಗೆ ಕತ್ತರಿ. ರಾತ್ರಿ ಹತ್ತರ ಮೇಲೆ ಬಟ್ಟೆ ಒಗೆಯುವ ಯಂತ್ರ ಬೇಡ. ನಲ್ಲಿಯ ನೀರು ಧಾರಾಳವಾಗಿ ಕುಡಿಯಬಹುದು. ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿಯನ್ನು ಅಂಗಡಿಗೆ ಹಿಂದಿರುಗಿಸಿದರೆ 25 ಸೆಂಟ್ ಮರಳಿ ಸಿಗುತ್ತದೆ, ಎಸೆಯಬೇಡಿ. ಸೋನಾ ಮಸೂರಿ, ರಾಗಿ ಹಿಟ್ಟು ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಕೊತ್ತಂಬರಿ ಸೊಪ್ಪಿಗೆ ಮುಖ್ಯ ನಿಲ್ದಾಣದ ದಕ್ಷಿಣಕ್ಕಿರುವ ಟರ್ಕಿ, ಅರಬ್ ಅಂಗಡಿಗಳೇ ವಾಸಿ. ಶನಿವಾರ ರಾತ್ರಿ ಎಂಟಕ್ಕೆ ಅಂಗಡಿಗಳು ಮುಚ್ಚಿದರೆ ಸೋಮವಾರದವರೆಗೆ ತೆರೆಯುವುದಿಲ್ಲ. ನಿಲ್ದಾಣದೊಳಗಿನ ಅಂಗಡಿಗಳು ಭಾನುವಾರವೂ ಇರುತ್ತವೆ, ಆದರೆ ಒಂದು ಲೀಟರ್ ಹಾಲಿಗಾಗಿ ಅರ್ಧ ಊರೇ ಅಲ್ಲಿ ಸಾಲು ನಿಂತಿರುತ್ತದೆ.

ಬೀದಿಯಲ್ಲಿ ಮಾತ್ರ ಕಾಗದದ ಬದಲು ಬಾಯಿಯೇ ಬರುತ್ತದೆ. ಸೈಕಲ್ ಪಟ್ಟಿಯ ಮೇಲೆ ನಿಂತು ಮೊಬೈಲ್ ನೋಡಿದರೆ ಗಂಟೆಯ ಜೊತೆಗೆ ಬೈಗುಳವೂ ಸಿಗುತ್ತದೆ. ಖಾಲಿ ರಸ್ತೆಯಲ್ಲಿ ಕೆಂಪು ದೀಪ ದಾಟಿದರೆ ಯಾರೋ ವೃದ್ಧೆ, ಊರಿನ ದೊಡ್ಡಮ್ಮನಂತೆ, ಮಕ್ಕಳು ನೋಡುತ್ತಿವೆ ಎಂದು ಗದರಿಸುತ್ತಾರೆ. ಇದನ್ನು ಜನಾಂಗದ್ವೇಷ ಎಂದು ತೂಗುವ ಮೊದಲು ಗಮನಿಸಿ, ಅವರು ತಮ್ಮವರನ್ನೂ ಹೀಗೇ ತಿದ್ದುತ್ತಾರೆ. ದ್ವೇಷ ಇಲ್ಲವೇ ಇಲ್ಲ ಎನ್ನಲಾರೆ. ಅದು ಎದುರಾದಾಗ ನಿಮಗೇ ತಿಳಿಯುತ್ತದೆ. ಅದನ್ನೂ ಇದನ್ನೂ ಬೆರೆಸಬೇಡಿ. ಪೊಲೀಸರಿಗೆ 110, ಆಂಬುಲೆನ್ಸ್‌ಗೆ 112, ರಾತ್ರಿ ಜ್ವರ ಬಂದು ಪ್ರಾಣಾಪಾಯವಿಲ್ಲದಿದ್ದರೆ 116117.

ಊರು ನೋಡುವುದಾದರೆ ಮರಿಯೆನ್‌ಪ್ಲಾಟ್ಸ್ ಚೌಕದ ಗಡಿಯಾರದ ಗೊಂಬೆ ಕುಣಿತ ಒಂದು ಸಲಕ್ಕೆ ಸಾಕು, ಹನ್ನೊಂದಕ್ಕೆ ಅಥವಾ ಹನ್ನೆರಡಕ್ಕೆ, ಕುತ್ತಿಗೆ ನೋಯುವವರೆಗೆ. ನಾನು ಹೊಸಬರನ್ನು ಕಳಿಸುವುದು ಲುಡ್ವಿಗ್ ಮಾಕ್ಸಿಮಿಲಿಯನ್ ವಿಶ್ವವಿದ್ಯಾಲಯದ ಮುಂದಿನ ಚೌಕಕ್ಕೆ. ಅಲ್ಲಿ ನೆಲದ ಕಲ್ಲುಗಳ ನಡುವೆ ಚೆಲ್ಲಾಡಿದಂತೆ ಕರಪತ್ರಗಳನ್ನು ಹುದುಗಿಸಿದ್ದಾರೆ. 1943ರ ಫೆಬ್ರುವರಿ 18ರಂದು ಹಾನ್ಸ್ ಮತ್ತು ಸೋಫಿ ಶೋಲ್ ಎಂಬ ಅಣ್ಣತಂಗಿಯರು ಹಿಟ್ಲರನ ವಿರುದ್ಧದ ಕರಪತ್ರಗಳನ್ನು ಇದೇ ಕಟ್ಟಡದ ಒಳಾಂಗಣದಲ್ಲಿ ಹಂಚಿ ಸಿಕ್ಕಿಬಿದ್ದರು. ನಾಲ್ಕನೆಯ ದಿನ ಅವರ ತಲೆ ಕಡಿಯಲಾಯಿತು. ಸೋಫಿಗೆ ಆಗ 21 ವರ್ಷ, ವಿದ್ಯಾರ್ಥಿನಿ. ಇಂಥ ನೆಲದ ಮೇಲೆ ನಡೆದು ತರಗತಿಗೆ ಹೋಗುವವರಿಗೆ 'ನಿಯಮ ಪಾಲಿಸುವ ಜನ' ಎಂಬ ಹೊಗಳಿಕೆಯನ್ನು ಅಷ್ಟು ಸಲೀಸಾಗಿ ಹೇಳಲು ಆಗುವುದಿಲ್ಲ. ಎಸ್2 ರೈಲು ಹಿಡಿದು ಡಾಖಾವ್‌ಗೂ ಹೋಗಿ. 1933ರಲ್ಲಿ ತೆರೆದ ಆ ಯಾತನಾ ಶಿಬಿರ ಈಗ ಸ್ಮಾರಕ, ಪ್ರವೇಶಕ್ಕೆ ಹಣವಿಲ್ಲ. ಅಲ್ಲಿ ಸೆಲ್ಫಿ ಬೇಡ. ಭಾನುವಾರ ಆಲ್ಟೆ ಪಿನಾಕೋಥೆಕ್ ಚಿತ್ರ ಸಂಗ್ರಹಾಲಯಕ್ಕೆ ಒಂದು ಯೂರೊ. ಜರ್ಮನ್ ಚಿತ್ರಕಾರ ಡ್ಯೂರರ್ 1500ರಲ್ಲಿ ಬರೆದುಕೊಂಡ ತನ್ನದೇ ಚಿತ್ರ ಅಲ್ಲಿದೆ. ಅಂಗಡಿಗಳು ಮುಚ್ಚಿದ ದಿನವನ್ನು ಕಳೆಯಲು ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ಕನ್ನಡ ಇಲ್ಲಿ ಅಪರಿಚಿತವಲ್ಲ. ಇದೇ ವಿಶ್ವವಿದ್ಯಾಲಯದಲ್ಲಿ ಭಾರತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ರಾಬರ್ಟ್ ಝೈಡೆನ್‌ಬೋಸ್ ಜರ್ಮನ್ ವಿದ್ಯಾರ್ಥಿಗಳಿಗೆ ಕನ್ನಡ ಕಲಿಸಿದ್ದಾರೆ. ಕರ್ನಾಟಕಕ್ಕೂ ಬವೇರಿಯಾಕ್ಕೂ 2007ರಿಂದ ಸಹಭಾಗಿತ್ವ ಇದೆ, ಬೆಂಗಳೂರಿನಿಂದ ನೇರ ವಿಮಾನವೂ ಬಂದಿದೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ಜನ ಸೇರುತ್ತಾರೆ, ಬನ್ನಿ. ಆದರೆ ವಾರದ ಏಳೂ ದಿನ ನಮ್ಮವರ ಜೊತೆಗೇ ಇದ್ದರೆ ಜರ್ಮನ್ ನಾಲಿಗೆಗೆ ಹತ್ತುವುದಿಲ್ಲ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಯೊಳಗೆ ಕತ್ತಲಾಗಿ ಕೋಣೆ ಮೈಮೇಲೆ ಬರುವಾಗ, ಮೆಟ್ಟಿಲ ಮೇಲೆ ಸಿಕ್ಕವರೊಡನೆ ನಾಲ್ಕು ಮಾತು ಆಡಲು ಅದೇ ಬೇಕು.

ಈ ಊರಿನವರು ತಾವಾಗಿಯೇ ಮಾತಿಗೆ ಬರುವ ಜಾಗವೊಂದಿದೆ: ಬಿಯರ್ ಗಾರ್ಡನ್. ಕುಡಿಯದವರೂ ಹೋಗಬಹುದು, ಸೋಡಾ ಬೆರೆಸಿದ ಸೇಬಿನ ರಸ ಸಿಗುತ್ತದೆ. ಸಸ್ಯಾಹಾರಿಗಳಿಗೆ ಇನ್ನೂ ಒಳ್ಳೆಯ ಸುದ್ದಿ ಇದೆ. 1812ರಲ್ಲಿ ರಾಜ ಮಾಕ್ಸಿಮಿಲಿಯನ್ ಬಿಯರ್ ತಯಾರಕರಿಗೆ ತಮ್ಮ ನೆಲಮಾಳಿಗೆಗಳಲ್ಲಿ ಬಿಯರ್ ಮಾರಲು ಬಿಟ್ಟ, ಬ್ರೆಡ್ ಹೊರತು ಊಟ ಮಾರಲು ಬಿಡಲಿಲ್ಲ. ಜನ ಬುತ್ತಿ ಕಟ್ಟಿಕೊಂಡು ಹೋಗತೊಡಗಿದರು. ಆ ರೂಢಿ ಇಂದಿಗೂ ಉಳಿದಿದೆ. ಪಾನೀಯ ಮಾತ್ರ ಅಲ್ಲೇ ಕೊಳ್ಳಬೇಕು. ಮೇಜಿನ ಮೇಲೆ ಬಟ್ಟೆ ಹಾಸಿದ್ದರೆ ಅದು ಬಡಿಸುವವರ ಜಾಗ, ಅಲ್ಲಿ ನಿಮ್ಮ ಡಬ್ಬಿ ತೆರೆಯುವಂತಿಲ್ಲ. ಬರಿಯ ಮರದ ಮೇಜು ಹುಡುಕಿ, ಕುಳಿತವರನ್ನು 'ಇಲ್ಲಿ ಖಾಲಿಯೇ' ಎಂದು ಕೇಳಿ ಪಕ್ಕದಲ್ಲಿ ಕೂರಿ. ಚಿತ್ರಾನ್ನದ ಮುಚ್ಚಳ ತೆಗೆದರೆ ಎದುರಿನವರು ಅದೇನೆಂದು ಕೇಳಿಯೇ ಕೇಳುತ್ತಾರೆ. ಎರಡು ಚಮಚ ಹೆಚ್ಚಿಗೆ ಒಯ್ಯಿರಿ.