ಮ್ಯಾಂಕ್ಸ್ ಬೆಕ್ಕಿಗೆ ಮೋಷನ್ ಕಟ್ಟಿದ್ರೆ ಸಿಹಿಗುಂಬಳ ಕೊಡಿ
ಬಾಲ ಇಲ್ದಿರೋ ಅಥವಾ ಮೋಟು ಬಾಲದ ಮ್ಯಾಂಕ್ಸ್ ಬೆಕ್ಕು ಸಾಕಿರೋರು ನೋಡಿ, ಕಕ್ಕ ಗಟ್ಟಿಯಾಗಿ ತಿಣುಕ್ತಾ ಇದ್ರೆ ಬೇಯಿಸಿ ನುಣ್ಣಗೆ ಕಿವುಚಿದ ಸಿಹಿಗುಂಬಳಕಾಯಿ ಒಂದು ಟೀ ಸ್ಪೂನ್ ತಗೊಂಡು ವೆಟ್ ಫುಡ್‌ಗೆ ಕಲಸಿ, ಮೇಲೆ ಸ್ವಲ್ಪ ಬೆಚ್ಚಗಿನ ನೀರು ಹಾಕಿ ಕೊಡಿ, ಉಪ್ಪು ಒಗ್ಗರಣೆ ಏನೂ ಬೇಡ, ಈರುಳ್ಳಿ ಬೆಳ್ಳುಳ್ಳಿ ಅಂತೂ ಬೆಕ್ಕಿಗೆ ವಿಷ. ಐಲ್ ಆಫ್ ಮ್ಯಾನ್ ದ್ವೀಪದ ಈ ತಳಿಲಿ ಬಾಲ ಮೊಟಕು ಮಾಡೋ ಜೀನ್ ಕೆಲವು ಸಲ ಬೆನ್ನುಮೂಳೆ ತುದಿಯ ನರಗಳಿಗೂ ತೊಂದರೆ ಕೊಡುತ್ತೆ, ಆಗ ಕರುಳಿಗೆ ತಳ್ಳೋ ಶಕ್ತಿ ಕಮ್ಮಿ, ನಾರು ನೀರು ಎರಡೂ ಸೇರಿದ್ರೆ ಮೆತ್ತಗಾಗಿ ಸಲೀಸಾಗಿ ಹೋಗುತ್ತೆ. ವಯಸ್ಸಾದ ಬೆಕ್ಕಿಗೆ ಇದ್ರ ಜೊತೆ ಅಂಚು ತಗ್ಗಿರೋ ಲಿಟರ್ ಟ್ರೇ ಇಡಿ, ಕೀಲು ನೋವಿಗೆ ಹತ್ತೋಕಾಗ್ದೆ ತಡ್ಕೊಂಡು ಕೂರ್ತವೆ ಪಾಪ. ಆದ್ರೆ ಕರುಳು ಆಗ್ಲೇ ಹಿಗ್ಗಿ ಸೋತಿದ್ರೆ ನಾರು ಹಾಕಿದಷ್ಟೂ ಇನ್ನೂ ಕಟ್ಕೊಳ್ಳುತ್ತೆ, ಎರಡು ದಿನ ಹೋಗಿಲ್ಲ, ವಾಂತಿ ಬೇರೆ ಮಾಡ್ತಿದೆ ಅಂದ್ರೆ ಸೀದಾ ಡಾಕ್ಟರ್ ಹತ್ರ ಕರ್ಕೊಂಡ್ಹೋಗಿ. ಮರಿಗಳ ವಿಷಯ ಬೇರೆ, ಮೊದಲ 6 ತಿಂಗಳೊಳಗೆ ಹಿಂಗಾಲಲ್ಲಿ ಶಕ್ತಿ ಇಲ್ದೆ ಎಳ್ಕೊಂಡು ನಡೆಯೋದು, ಗೊತ್ತಾಗ್ದೆ ಉಚ್ಚೆ ಸೋರೋದು ಕಂಡ್ರೆ ಕುಂಬಳಕಾಯಿ ನಂಬ್ಕೊಂಡು ಕೂರ್ಬೇಡಿ, ಬೆನ್ನುಮೂಳೆ ತೋರಿಸಿ ಎಕ್ಸ್‌ರೇ ಮಾಡ್ಸಿ.